ಸೆರೆಯಲ್ಲಿ ಭರವಸೆ: ಹೊನ್ನಾವರ ಸೀಮೆಯ ಕ್ರೈಸ್ತರ ಚರಿತ್ರೆಯಿಂದ ಒಂದು ವಿಚಾರ

೧

ಹೊನ್ನಾವರ ತಾಲ್ಲೂಕಿನ ಇಡಗುಂಜಿಯು ಮಹಾಗಣಪತಿಯ ಕ್ಷೇತ್ರವೆಂದು ಕನ್ನಡನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಅದರ ಸ್ಥಳಪುರಾಣವು ಹೇಳುವ ಕಥೆಯು ಗಮನಾರ್ಹವಾದುದು. ದ್ವಾಪರಯುಗವು ಮುಗಿಯುತ್ತ ಬಂದು, ಕಲಿಯುಗದ ಕೇಡುಗಳು ಮುಂದೆ ತೋರುತ್ತಿರಲು, ವಾಲಖಿಲ್ಯರೇ ಮೊದಲಾದ ಋಷಿಗಳು ಶರಾವತಿಯ ತೀರದ ವನದಲ್ಲಿ ತಪಸ್ಸನ್ನಾಚರಿಸಿದರೆಂದೂ, ವಿಘ್ನಗಳು ಒಂದರ ಮೇಲೊಂದರಂತೆ ಒದಗಿದಾಗ ನಾರದರ ಸಲಹೆಯಂತೆ ಗಣಪತಿಯನ್ನು ಬರಮಾಡಿಕೊಂಡರೆಂದೂ ಅದು ಹೇಳುತ್ತದೆ. ಬರಲಿರುವ ಕಾಲವು ಹೇಗಿರುವುದೋ ಎಂಬ ಅಳುಕು, ಆ ಅಳುಕಿನ ನಡುವೆ ದೇವರನ್ನು ನೆಚ್ಚುವ ನಿಶ್ಚಯ, ಇವೆರಡೂ ಆ ಕಥೆಯ ತಿರುಳು.

ಇದೇ ಕರಾವಳಿಯ ಕಿರಿದಾದ ಪಟ್ಟಿಯಲ್ಲಿ ಜೈನರು ಗೇರುಸೊಪ್ಪೆಯ ಬಸದಿಗಳನ್ನು ಕಟ್ಟಿದರು. ನವಾಯತ ಮುಸಲ್ಮಾನರು ಭಟ್ಕಳ ಹೊನ್ನಾವರಗಳಲ್ಲಿ ವ್ಯಾಪಾರವನ್ನೂ ಮಸೀದಿಗಳನ್ನೂ ಬೆಳೆಸಿದರು. ಕೊಂಕಣಿ ಮಾತನಾಡುವ ಕ್ರೈಸ್ತರು ಬೇಸಾಯಗಾರರಾಗಿ ಬಂದು ನೆಲೆಸಿದರು. ಈ ಕೊನೆಯ ಸಮುದಾಯದ ಚರಿತ್ರೆಯು ಸುಮಾರು ಒಂದೂವರೆ ಶತಮಾನದ ಕಾಲ ಅನಿಶ್ಚಿತತೆಯ ಚರಿತ್ರೆಯೇ ಆಗಿದೆ. ಆಶ್ರಯದಾತರು ಬದಲಾದರು, ಗುರುಗಳ ಅಧಿಕಾರವೇ ವಿವಾದಕ್ಕೆ ಸಿಕ್ಕಿತು, ಕೊನೆಗೆ ಊರಿಗೆ ಊರೇ ಸೆರೆಯಾಗಿ ಘಟ್ಟವನ್ನು ಹತ್ತಿತು. ಇಂತಹ ಕಾಲಗಳಲ್ಲಿ ದೇವರಲ್ಲಿ ಭರವಸೆಯಿಡುವುದೆಂದರೆ ಏನು? ಅದು ಆಪತ್ತನ್ನು ತಪ್ಪಿಸಿಕೊಳ್ಳುವ ಉಪಾಯವೇ, ಅಥವಾ ಆಪತ್ತಿನೊಳಗೆ ಬಾಳುವ ರೀತಿಯೇ? ಹೊರಗಿನ ಒತ್ತಾಯಕ್ಕೆ ತಲೆಬಾಗಿದವನ ಒಳಗಿನ ವಿಶ್ವಾಸವನ್ನು ವಿಶ್ವಾಸವೆಂದು ಎಣಿಸಬಹುದೇ? ಈ ಪ್ರಶ್ನೆಗಳನ್ನು ಧರ್ಮೋಪದೇಶದ ದೃಷ್ಟಿಯಿಂದಲ್ಲದೆ ಚರಿತ್ರೆಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಪೋರ್ಚುಗೀಸರಿಗೂ ಈ ಸೀಮೆಗೂ ಸಂಬಂಧವುಂಟಾದುದು ಹದಿನಾರನೆಯ ಶತಮಾನದ ಆದಿಯಲ್ಲಿ. ೧೫೧೦ರಲ್ಲಿ ಆಲ್ಬುಕರ್ಕನು ಗೋವೆಯನ್ನು ಹಿಡಿದಾಗ ಅವನಿಗೆ ನೆರವಾದವನು ಹೊನ್ನಾವರದ ತಿಮ್ಮೋಜ. ೧೫೬೯ರಲ್ಲಿ ಹೊನ್ನಾವರದ ಕೋಟೆಯು ಪೋರ್ಚುಗೀಸರ ಕೈಸೇರಿತು. ೧೬೨೩ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆಯು ಪೋರ್ಚುಗೀಸ್ ರಾಯಭಾರಿಯೊಡನೆ ಹೊನ್ನಾವರದಿಂದ ಹೊರಟು, ಗೇರುಸೊಪ್ಪೆಯ ಮಾರ್ಗವಾಗಿ ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೋದನು. ಆದರೆ ಕೋಟೆಯೊಳಗಿನ ಪೋರ್ಚುಗೀಸರ ಚರಿತ್ರೆಯನ್ನೂ ಕೋಟೆಯ ಹೊರಗಿನ ಕ್ರೈಸ್ತ ರೈತರ ಚರಿತ್ರೆಯನ್ನೂ ಒಂದೇ ಎಂದು ಭಾವಿಸುವುದು ತಪ್ಪು. ೧೬೫೪ರ ವೇಳೆಗೆ ಶಿವಪ್ಪನಾಯಕನು ಪೋರ್ಚುಗೀಸರನ್ನು ಕೆನರಾ ತೀರದ ಕೋಟೆಗಳಿಂದ ಹೊರದೂಡಿದನು. ಕೋಟೆಗಳು ಹೋದರೂ ಕ್ರೈಸ್ತ ಒಕ್ಕಲುಗಳು ಉಳಿದವು, ಮಾತ್ರವಲ್ಲ ಬೆಳೆದವು.

ಈ ಒಕ್ಕಲುಗಳು ಗೋವೆಯಿಂದ ಬಂದುದಕ್ಕೆ ಕಾರಣಗಳು ಹಲವು. ೧೫೬೦ರಲ್ಲಿ ಗೋವೆಯಲ್ಲಿ ಸ್ಥಾಪಿತವಾದ ಧರ್ಮನ್ಯಾಯಾಲಯದ ಭಯ, ಕ್ಷಾಮ, ತೆರಿಗೆಯ ಭಾರ, ೧೬೮೩ರಲ್ಲಿಯೂ ೧೭೩೯ರಲ್ಲಿಯೂ ನಡೆದ ಮರಾಠರ ದಂಡಯಾತ್ರೆಗಳು, ಇವೆಲ್ಲವೂ ಸಾಸಷ್ಟಿ ಬಾರ್ದೇಶಗಳ ಜನರನ್ನು ದಕ್ಷಿಣಕ್ಕೆ ತಳ್ಳಿದವು. ಕ್ರೈಸ್ತಧರ್ಮದ ಹೆಸರಿನಲ್ಲಿ ನಡೆದ ನ್ಯಾಯಾಲಯಕ್ಕೆ ಹೆದರಿ ಬಂದ ಕ್ರೈಸ್ತರೂ ಅವರಲ್ಲಿದ್ದರೆಂಬುದನ್ನು ಮರೆಯಬಾರದು. ಕೆಳದಿಯ ಅರಸರು ಈ ವಲಸೆಗಾರರನ್ನು ಆದರಿಸಿದರು. ಭೂಮಿಯನ್ನು ಹದಮಾಡಿ ಬತ್ತ ಬೆಳೆಯಬಲ್ಲ ಒಕ್ಕಲು ಯಾವ ಅರಸನಿಗೂ ಬೇಡವಾಗಿರಲಿಲ್ಲ. ಚೆನ್ನಮ್ಮಾಜಿಯ ಆಳ್ವಿಕೆಯ ಕಾಲದಲ್ಲಿ, ೧೬೭೮ರಲ್ಲಿ, ಪೋರ್ಚುಗೀಸರೊಡನೆ ಆದ ಒಪ್ಪಂದವು ಮಿರ್ಜಾನ, ಚಂದಾವರ, ಹೊನ್ನಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿಗಳನ್ನು ಕಟ್ಟಲು ಅನುಮತಿಯಿತ್ತಿತು. ಈ ಐದು ಹೆಸರುಗಳಲ್ಲಿ ನಾಲ್ಕು ಇಂದಿನ ಉತ್ತರಕನ್ನಡ ಜಿಲ್ಲೆಯವು. ಲಿಂಗಾಯತ ಮತದ ರಾಣಿಯೊಬ್ಬಳ ಸೀಮೆಯಲ್ಲಿ, ಆಕೆಯ ಒಪ್ಪಿಗೆಯ ಮೇರೆಗೆ, ಈ ಪ್ರಾಂತದ ಕ್ರೈಸ್ತಸಮುದಾಯವು ಬೇರೂರಿತೆಂಬುದು ನಮ್ಮ ವಿಷಯಕ್ಕೆ ಅಪ್ರಸ್ತುತವಲ್ಲ. ದೇವರಲ್ಲಿ ಭರವಸೆಯಿಟ್ಟವರು ಬದುಕಿದುದು ನೆರೆಯವರ ಸೌಜನ್ಯವನ್ನೂ ಅರಸರ ಮಾತನ್ನೂ ನಂಬಿ.

೩

ಅನಿಶ್ಚಿತತೆಯು ಮೊದಲು ತಲೆದೋರಿದುದು ಚರ್ಚಿನ ಒಳಗಿನಿಂದಲೇ. ಪೂರ್ವದೇಶಗಳ ಕ್ರೈಸ್ತರ ಮೇಲ್ವಿಚಾರಣೆಯ ಹಕ್ಕು ತನ್ನದೆಂದು ಪೋರ್ಚುಗಲಿನ ಅರಸನು 'ಪದ್ರುವಾದೊ' ಎಂಬ ಸನ್ನದಿನ ಬಲದಿಂದ ಸಾಧಿಸುತ್ತಿದ್ದನು. ರೋಮಿನ 'ಪ್ರೊಪಗಾಂಡಾ' ಮಂಡಲಿಯು ೧೬೨೨ರಲ್ಲಿ ಸ್ಥಾಪಿತವಾಗಿ, ಪೋರ್ಚುಗೀಸರ ಆಡಳಿತವಿಲ್ಲದ ಪ್ರದೇಶಗಳಿಗೆ ತಾನೇ ಧರ್ಮಾಧಿಕಾರಿಗಳನ್ನು ಕಳುಹಿಸತೊಡಗಿತು. ಕೆನರಾಕ್ಕೆ ಹೀಗೆ ಬಂದವನು ಬಿಷಪ್ ತೋಮಸ್ ದೆ ಕಾಸ್ತ್ರೊ. ಗೋವೆಯ ಪಕ್ಷದವರು ಅವನ ಅಧಿಕಾರವನ್ನು ಒಪ್ಪಲಿಲ್ಲ. ಒಬ್ಬ ಗುರುವು ನೆರವೇರಿಸಿದ ಸಂಸ್ಕಾರಗಳು ಸಿಂಧುವಲ್ಲವೆಂದು ಇನ್ನೊಬ್ಬನು ಹೇಳುವಂತಹ ಸ್ಥಿತಿಯು ಒದಗಿದಾಗ, ಹೊಲಗದ್ದೆಗಳಲ್ಲಿ ದುಡಿಯುವ ಸಾಮಾನ್ಯ ಕ್ರೈಸ್ತನ ಮನಸ್ಸು ಎಷ್ಟು ಕಳವಳಗೊಂಡಿರಬೇಕೆಂಬುದನ್ನು ಊಹಿಸಬಹುದು. ತನ್ನ ಮದುವೆಯು ಮದುವೆಯೇ ಹೌದೇ, ತನ್ನ ಪಾಪನಿವೇದನೆಯು ಸಲ್ಲುವುದೇ ಎಂಬ ಸಂಶಯವು ಅವನಿಗೆ ಶಾಸ್ತ್ರಚರ್ಚೆಯ ವಿಷಯವಾಗಿರದೆ ಮೋಕ್ಷದ ಪ್ರಶ್ನೆಯಾಗಿತ್ತು.

ಈ ಸಂದರ್ಭದಲ್ಲಿ ಕೆನರಾಕ್ಕೆ ಬಂದವನು ಗೋವೆಯ ಬೆಣಾವ್ಲಿಯಲ್ಲಿ ೧೬೫೧ರಲ್ಲಿ ಹುಟ್ಟಿದ ಜೋಸೆಫ್ ವಾಜ್. ೧೬೮೧ರಿಂದ ೧೬೮೪ರ ವರೆಗೆ ಅವನು ಈ ತೀರದ ಕ್ರೈಸ್ತರ ನಡುವೆ ಸಂಚರಿಸಿ ಸೇವೆಸಲ್ಲಿಸಿದನು. ಅಧಿಕಾರದ ವಿವಾದದಲ್ಲಿ ಅವನು ಗೋವೆಯ ಪಕ್ಷದ ಪ್ರತಿನಿಧಿಯಾಗಿದ್ದರೂ ಜನರ ಸ್ಮೃತಿಯಲ್ಲಿ ಉಳಿದುದು ವಿವಾದಿಯಾಗಿ ಅಲ್ಲ, ಗುರುವಾಗಿ. ಮುಂದೆ ೧೬೮೭ರಲ್ಲಿ ಅವನು ವೇಷಮರೆಸಿಕೊಂಡು ಸಿಂಹಳಕ್ಕೆ ಹೋದನು. ಅಲ್ಲಿ ೧೬೫೮ರಲ್ಲಿ ಡಚ್ಚರು ಪೋರ್ಚುಗೀಸರನ್ನು ಓಡಿಸಿ ಕಥೋಲಿಕ ಪಾದ್ರಿಗಳನ್ನು ನಿಷೇಧಿಸಿದ್ದರು. ಗುರುವಿಲ್ಲದ ಊರುಗಳಲ್ಲಿ ಗೃಹಸ್ಥರಾದ ಹಿರಿಯರನ್ನೇ ಪ್ರಾರ್ಥನೆಯ ನಾಯಕರನ್ನಾಗಿ ನಿಯಮಿಸಿ, ಅವರ ಮೂಲಕ ಸಮುದಾಯವನ್ನು ಉಳಿಸುವ ಪದ್ಧತಿಯನ್ನು ಅವನು ಅಲ್ಲಿ ಬಲಪಡಿಸಿದನು. ೧೭೧೧ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡ ಅವನಿಗೆ ೨೦೧೫ರ ಜನವರಿ ೧೪ರಂದು ಕೊಲಂಬೊದಲ್ಲಿ ಸಂತಪದವಿಯು ಘೋಷಿತವಾಯಿತು. ಗುರುವು ಇಲ್ಲದಿದ್ದರೂ ಧರ್ಮವು ಉಳಿಯಬಹುದೆಂಬ ಅವನ ನಿಲುವಿನ ಕಠಿಣವಾದ ಪರೀಕ್ಷೆಯು, ಅವನು ಕಾಲವಾದ ಎಪ್ಪತ್ತಮೂರು ವರ್ಷಗಳ ತರುವಾಯ, ಅವನು ಮೊದಲು ಸೇವೆಮಾಡಿದ ಕೆನರಾದಲ್ಲಿಯೇ ನಡೆಯಿತು.

೪

೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದುದರಿಂದ ಕೆನರಾ ತೀರವೆಲ್ಲವೂ ಮೈಸೂರಿನ ಆಡಳಿತಕ್ಕೆ ಒಳಪಟ್ಟಿತು. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನಾನಿ ಮ್ಯಾಥ್ಯೂಸನು ೧೭೮೩ರ ಜನವರಿಯಲ್ಲಿ ಹೊನ್ನಾವರವನ್ನು ಲಗ್ಗೆಹತ್ತಿ ಹಿಡಿದು, ಅದೇ ತಿಂಗಳು ಬಿದನೂರನ್ನೂ ವಶಪಡಿಸಿಕೊಂಡನು. ಕೆಲವೇ ತಿಂಗಳುಗಳಲ್ಲಿ ಟಿಪ್ಪೂ ಸುಲ್ತಾನನು ಬಿದನೂರನ್ನು ಮರಳಿ ಪಡೆದು ಮಂಗಳೂರನ್ನು ಮುತ್ತಿದನು. ಹೊನ್ನಾವರದ ಕೋಟೆಯಲ್ಲಿ ಕ್ಯಾಪ್ಟನ್ ಟೊರಿಯಾನೊ ಎಂಬವನು ಮುತ್ತಿಗೆಯನ್ನು ಎದುರಿಸುತ್ತ, ೧೭೮೪ರ ಮಾರ್ಚ್ ೧೧ರ ಮಂಗಳೂರು ಒಪ್ಪಂದವಾಗುವವರೆಗೂ ನಿಂತನು. ಒಪ್ಪಂದದ ಮೇರೆಗೆ ಮರಳಿ ಬಂದ ಹೊನ್ನಾವರವನ್ನು ಟಿಪ್ಪುವು ಹಾಳುಗೆಡವಿಸಿದನು.

ಈ ಯುದ್ಧದ ಕಾಲದಲ್ಲಿ ಕೆನರಾದ ಕ್ರೈಸ್ತರು ಮ್ಯಾಥ್ಯೂಸನಿಗೆ ಹಣದ ನೆರವನ್ನು ನೀಡಿದರೆಂದೂ ಶತ್ರುವಿಗೆ ಸಹಾಯಕರಾದರೆಂದೂ ಆರೋಪ ಬಂದಿತು. ೧೭೮೪ರ ಫೆಬ್ರವರಿಯಲ್ಲಿ, ಪಾಸ್ಖದ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲದ ಆರಂಭದಲ್ಲಿ, ಅವರೆಲ್ಲರನ್ನೂ ಸೆರೆಹಿಡಿಯುವ ಅಪ್ಪಣೆಯು ಜಾರಿಗೆ ಬಂದಿತು. ಸಾಮಾನ್ಯವಾಗಿ ಗ್ರಂಥಗಳಲ್ಲಿ ಇದು '೧೭೮೪ರ ಫೆಬ್ರವರಿ ೨೪, ಬೂದಿ ಬುಧವಾರ' ಎಂದು ಬರೆಯಲ್ಪಟ್ಟಿದೆ. ಆದರೆ ಪಂಚಾಂಗದ ಗಣನೆಯಂತೆ ಆ ವರ್ಷದ ಪಾಸ್ಖವು ಏಪ್ರಿಲ್ ೧೧ರಂದು ಬಿದ್ದುದರಿಂದ ಬೂದಿ ಬುಧವಾರವು ಫೆಬ್ರವರಿ ೨೫ಕ್ಕೆ ಬರುತ್ತದೆ. ೨೪ನೆಯ ದಿನವು ಮಂಗಳವಾರ. ಈ ಒಂದು ದಿನದ ವ್ಯತ್ಯಾಸವು ಘಟನೆಯ ಸತ್ಯತೆಯನ್ನು ಕುಂದಿಸುವುದಿಲ್ಲ. ನೀನು ಮಣ್ಣು, ಮಣ್ಣಿಗೇ ಮರಳುವೆ ಎಂಬ ಭಾವದಿಂದ ಹಣೆಗೆ ಬೂದಿಯನ್ನಿಡುವ ದಿನದೊಡನೆ ಸಮುದಾಯವು ತನ್ನ ಮಹಾವಿಪತ್ತನ್ನು ಜೋಡಿಸಿ ನೆನೆಯಿತೆಂಬುದು ಮಾತ್ರ ಸ್ಪಷ್ಟ. ಜನರು ತಮ್ಮ ದುಃಖಕ್ಕೆ ತಾವು ಬಲ್ಲ ಪೂಜಾವಿಧಿಯಲ್ಲಿಯೇ ಅರ್ಥವನ್ನು ಅರಸುತ್ತಾರೆ.

ಸೆರೆಯಾದವರ ಸಂಖ್ಯೆಯ ವಿಷಯದಲ್ಲಿ ಆಧಾರಗಳು ಏಕಾಭಿಪ್ರಾಯವನ್ನು ಕೊಡುವುದಿಲ್ಲ. ಸ್ವತಃ ಸೆರೆಯಾಳಾಗಿದ್ದ ಇಂಗ್ಲಿಷ್ ನಾವಿಕ ಜೇಮ್ಸ್ ಸ್ಕರಿಯು ೩೦,೦೦೦ ಎಂದಿರುವನು. ಪಾದ್ರಿ ದ್ಯುಬುವಾ ೬೦,೦೦೦ಕ್ಕೂ ಮಿಕ್ಕಿದ ಸಂಖ್ಯೆಯನ್ನು ಹೇಳಿರುವನು. ಯಾವುದನ್ನು ಒಪ್ಪಿದರೂ ಅದು ಒಂದು ಸಮುದಾಯದ ಬಹುಭಾಗ. ಹೆಂಗಸರು, ಮಕ್ಕಳು, ವೃದ್ಧರು ಸಹಿತ ಅವರನ್ನು ಘಟ್ಟದ ಮೇಲಕ್ಕೆ ಶ್ರೀರಂಗಪಟ್ಟಣದತ್ತ ನಡೆಸಿಕೊಂಡು ಹೋದರು. ದಾರಿಯಲ್ಲಿಯೇ ಅನೇಕರು ಮಡಿದರು. ಪಾದ್ರಿಗಳನ್ನು ಗೋವೆಗೆ ಗಡೀಪಾರು ಮಾಡಿದರು, ಇಗರ್ಜಿಗಳನ್ನು ಕೆಡವಿದರು, ಭೂಮಿಕಾಣಿಗಳು ಮುಟ್ಟುಗೋಲಾದವು. ಸೆರೆಯಲ್ಲಿ ಮತಾಂತರವು ಬಲಾತ್ಕಾರದಿಂದ ನಡೆಯಿತು. ತರುಣರನ್ನು ಸೈನ್ಯದ 'ಅಹಮದಿ' ದಳಗಳಿಗೆ ಸೇರಿಸಿದರು.

ಇಲ್ಲಿ ಎರಡು ಮಾತುಗಳನ್ನು ಹೇಳುವುದು ಅವಶ್ಯಕ. ಮೊದಲನೆಯದು, ಈ ಕೃತ್ಯದಲ್ಲಿ ಯುದ್ಧದ ರಾಜಕಾರಣವೂ ಮತದ ಒತ್ತಾಯವೂ ಬೆರೆತಿವೆ. ಇವುಗಳಲ್ಲಿ ಒಂದನ್ನು ಮರೆಮಾಡಿ ಇನ್ನೊಂದನ್ನೇ ಹೇಳುವುದು ಚರಿತ್ರೆಯಾಗದು. ೧೭೯೧ರಲ್ಲಿ ಮರಾಠಾ ಸೈನಿಕರ ದಾಳಿಗೆ ತುತ್ತಾದ ಶೃಂಗೇರಿಯ ಮಠಕ್ಕೆ ನೆರವಿತ್ತವನೂ ಇದೇ ಟಿಪ್ಪು. ಎರಡನೆಯದು, ಕೆಲವರ ಮೇಲಿನ ಆರೋಪಕ್ಕೆ ತೊಟ್ಟಿಲ ಮಕ್ಕಳು ಸಹಿತ ಇಡೀ ಸಮುದಾಯವನ್ನು ದಂಡಿಸಿದುದನ್ನು ಯಾವ ರಾಜಕಾರಣವೂ ಸಮರ್ಥಿಸಲಾರದು.

೫

ಹದಿನೈದು ವರ್ಷಗಳ ಕಾಲ, ೧೭೮೪ರಿಂದ ೧೭೯೯ರ ವರೆಗೆ, ಈ ಜನರು ಗುರುವಿಲ್ಲದೆ, ಇಗರ್ಜಿಯಿಲ್ಲದೆ, ಹಬ್ಬಹುಣ್ಣಿಮೆಗಳಿಲ್ಲದೆ ಬಾಳಿದರು. ಕಥೋಲಿಕ ಪದ್ಧತಿಯಲ್ಲಿ ಪಾದ್ರಿಯಿಲ್ಲದೆ ಬಲಿಪೂಜೆಯಿಲ್ಲ, ಪಾಪಕ್ಷಮೆಯ ಸಂಸ್ಕಾರವಿಲ್ಲ. ೧೫೬೩ರ ಟ್ರೆಂಟ್ ಮಹಾಸಭೆಯ ವಿಧಿಯಂತೆ ಮದುವೆಗೂ ಪಾದ್ರಿಯ ಸಾನ್ನಿಧ್ಯವು ಬೇಕು. ಆದರೆ ಅದೇ ಪದ್ಧತಿಯಲ್ಲಿ ಆಪತ್ಕಾಲಕ್ಕೆಂದು ಕೆಲವು ಬಾಗಿಲುಗಳು ತೆರೆದಿವೆ. ಅವಶ್ಯಬಿದ್ದಾಗ ಯಾರಾದರೂ, ಹೆಂಗಸಾದರೂ ಸರಿ, ನೀರನ್ನು ಸುರಿದು ಮಗುವಿಗೆ ಜ್ಞಾನಸ್ನಾನವನ್ನು ಕೊಡಬಹುದು. ದೇವರ ಮೇಲಣ ಪ್ರೀತಿಯಿಂದ ಹುಟ್ಟಿದ ಪೂರ್ಣವಾದ ಪಶ್ಚಾತ್ತಾಪವು, ಪಾದ್ರಿಯು ದೊರೆತಾಗ ನಿವೇದಿಸಿಕೊಳ್ಳುವೆನೆಂಬ ಸಂಕಲ್ಪದೊಡನೆ ಕೂಡಿದ್ದರೆ, ಕ್ಷಮೆಗೆ ಸಾಲುತ್ತದೆ. ಜಪಸರವನ್ನು ಕಿತ್ತುಕೊಂಡರೂ ಹತ್ತು ಬೆರಳುಗಳ ಮೇಲೆ ಜಪವನ್ನೆಣಿಸಬಹುದು. ಹೀಗೆ ಧರ್ಮದ ಬಹಿರಂಗವೆಲ್ಲ ಅಳಿದರೂ ಅದರ ಬೀಜವು ಮನೆಯ ಮೂಲೆಯಲ್ಲಿ, ತಾಯಿಯ ನಾಲಗೆಯಲ್ಲಿ ಉಳಿಯುವುದಕ್ಕೆ ಶಾಸ್ತ್ರದಲ್ಲಿಯೇ ಅವಕಾಶವಿತ್ತು.

ಹಾಗಾದರೆ ಅದು ಉಳಿಯಿತೇ? ಇದಕ್ಕೆ ಬಹುಮುಖ್ಯವಾದ ಸಾಕ್ಷ್ಯವು ಅವರನ್ನು ಕಟುವಾಗಿ ನಿಂದಿಸಿದವನಿಂದಲೇ ಬಂದಿದೆ. ಫ್ರೆಂಚ್ ಪಾದ್ರಿ ದ್ಯುಬುವಾ ೧೭೯೯ರಲ್ಲಿ ಟಿಪ್ಪುವಿನ ಪತನದ ಬಳಿಕ ಶ್ರೀರಂಗಪಟ್ಟಣಕ್ಕೆ ಬಂದು ಚದರಿದ ಕ್ರೈಸ್ತರನ್ನು ಒಂದುಗೂಡಿಸುವ ಕೆಲಸವನ್ನು ಕೈಗೊಂಡವನು. ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತು ೧೮೨೩ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತನ್ನ ಪತ್ರಗಳಲ್ಲಿ ಅವನು, ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಧರ್ಮಕ್ಕಾಗಿ ಪ್ರಾಣಕೊಡುವ ಧೈರ್ಯವನ್ನು ತೋರಲಿಲ್ಲವೆಂದು ಆಕ್ಷೇಪಿಸಿರುವನು. ಅದೇ ಲೇಖನಿಯಿಂದ, ಅವರ ಧರ್ಮತ್ಯಾಗವು ಕೇವಲ ಹೊರಗಿನದಾಗಿತ್ತೆಂದೂ, ಸುಲ್ತಾನನು ಸತ್ತ ಕೂಡಲೆ ಬಹುಮಂದಿ ತಮ್ಮ ಪೂರ್ವಧರ್ಮಕ್ಕೆ ಮರಳಿದರೆಂದೂ ಒಪ್ಪಿಕೊಂಡಿರುವನು. ಅವನ ಆಕ್ಷೇಪವನ್ನು ಸ್ಕರಿಯ ಬರಹದೊಡನೆ ಹೋಲಿಸಿ ನೋಡಬೇಕು. ತಮ್ಮ ಹೆಣ್ಣುಮಕ್ಕಳನ್ನು ಒಪ್ಪಿಸಲು ನಿರಾಕರಿಸಿದ ತರುಣರು ಕಿವಿಮೂಗುಗಳನ್ನು ಕಳೆದುಕೊಂಡ ಸಂಗತಿಯನ್ನು ಸ್ಕರಿಯು ಬರೆದಿರುವನು. ವೇದಸಾಕ್ಷಿಗಳ ಪಟ್ಟಿಯಲ್ಲಿ ಅವರ ಹೆಸರುಗಳಿಲ್ಲ. ಆದರೆ ಅದನ್ನು ಹೇಡಿತನವೆನ್ನುವುದು ಹೇಗೆ?

೬

ದ್ಯುಬುವಾನ ತೀರ್ಪು ಹೊಸದಲ್ಲ. ಅದು ಕ್ರೈಸ್ತಸಭೆಯಷ್ಟೇ ಹಳೆಯದಾದ ಒಂದು ವಿವಾದದ ಪ್ರತಿಧ್ವನಿ. ಕ್ರಿ.ಶ. ೨೫೦ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸನು ಪ್ರಜೆಗಳೆಲ್ಲರೂ ರಾಜ್ಯದ ದೇವತೆಗಳಿಗೆ ಬಲಿಯರ್ಪಿಸಬೇಕೆಂದು ಆಜ್ಞಾಪಿಸಿದಾಗ, ಅಸಂಖ್ಯ ಕ್ರೈಸ್ತರು ಅಂಜಿ ಹಾಗೆಯೇ ಮಾಡಿದರು. ಹಿಂಸೆಯು ನಿಂತ ಮೇಲೆ ಅವರು ಅಳುತ್ತ ಮರಳಿ ಬಂದರು. ಅವರನ್ನು ಎಂದಿಗೂ ಸೇರಿಸಬಾರದೆಂದು ರೋಮಿನ ನೊವೇಷಿಯನನು ವಾದಿಸಿದನು. ಕಾರ್ಥೇಜಿನ ಬಿಷಪ್ ಸಿಪ್ರಿಯನನು ಬಿದ್ದವರನ್ನು ಕುರಿತೇ ಗ್ರಂಥವನ್ನು ಬರೆದು, ತಪ್ಪಿನ ಗೌರವವನ್ನು ಹಗುರಮಾಡದೆಯೂ, ಪ್ರಾಯಶ್ಚಿತ್ತದ ಮೂಲಕ ಮರಳುವ ದಾರಿಯನ್ನು ತೆರೆದಿಟ್ಟನು. ಆ ಸಿಪ್ರಿಯನನು ಹೇಡಿಯಾಗಿರಲಿಲ್ಲ. ೨೫೮ರಲ್ಲಿ ಅವನೇ ಶಿರಚ್ಛೇದಕ್ಕೆ ಕೊರಳನ್ನೊಡ್ಡಿದನು. ಸಭೆಯು ಒಪ್ಪಿದುದು ಸಿಪ್ರಿಯನನ ಮಾರ್ಗವನ್ನು.

ಜಪಾನಿನ ನಿದರ್ಶನವು ಇನ್ನೂ ಹತ್ತಿರದ್ದು. ಅಲ್ಲಿ ೧೬೧೪ರಲ್ಲಿ ಕ್ರೈಸ್ತಧರ್ಮವು ನಿಷಿದ್ಧವಾಯಿತು. ಕ್ರಿಸ್ತನ ಅಥವಾ ಮರಿಯಮ್ಮನವರ ಬಿಂಬವನ್ನು ತುಳಿಯಬೇಕೆಂಬ ಪರೀಕ್ಷೆಯು ಏರ್ಪಟ್ಟಿತು. ಅದನ್ನು ತುಳಿದು, ಮನೆಗೆ ಮರಳಿ ಪಶ್ಚಾತ್ತಾಪದ ಪ್ರಾರ್ಥನೆಯನ್ನು ಹೇಳಿಕೊಂಡು, ಮಕ್ಕಳಿಗೆ ಗುಟ್ಟಾಗಿ ಜ್ಞಾನಸ್ನಾನವನ್ನು ಕೊಟ್ಟವರ ಸಂತತಿಯು ೧೮೬೫ರ ಮಾರ್ಚಿನಲ್ಲಿ ನಾಗಸಾಕಿಯ ಹೊಸ ಇಗರ್ಜಿಗೆ ಬಂದು ಫ್ರೆಂಚ್ ಪಾದ್ರಿಗೆ ತಮ್ಮ ಗುರುತನ್ನು ಹೇಳಿತು. ಸುಮಾರು ಎರಡೂವರೆ ಶತಮಾನಗಳ ಮೌನದಲ್ಲಿಯೂ ಆ ಧರ್ಮವು ಸತ್ತಿರಲಿಲ್ಲ. ಕೆನರಾದ ಹದಿನೈದು ವರ್ಷಗಳು ಅದರ ಮುಂದೆ ಅಲ್ಪವೆನಿಸಬಹುದು. ಆದರೆ ಸೆರೆಯಲ್ಲಿದ್ದವನಿಗೆ ಅದು ಹದಿನೈದೇ ವರ್ಷವೆಂದು ಹೇಳಿದವರಾರೂ ಇರಲಿಲ್ಲ. ಕೊನೆಯನ್ನರಿತ ನಾವು ಕಾಲವನ್ನು ಅಳೆಯುತ್ತೇವೆ; ಕೊನೆಯನ್ನರಿಯದವರು ಅದನ್ನು ಬಾಳಬೇಕಾಗುತ್ತದೆ. ಭರವಸೆಯ ಪ್ರಶ್ನೆಯು ಏಳುವುದು ಅಲ್ಲಿಯೇ.

ಯೆಹೂದ್ಯರು ಬಾಬಿಲೋನಿಗೆ ಸೆರೆಹೋದಾಗ, ಬೇಗನೆ ಬಿಡುಗಡೆಯಾಗುವುದೆಂದು ಹೇಳಿದ ಪ್ರವಾದಿಗಳು ಹಲವರಿದ್ದರು. ಯೆರೆಮೀಯನು ಮಾತ್ರ ಅದಕ್ಕೆ ವಿರುದ್ಧವಾಗಿ, ಸೆರೆಯ ನಾಡಿನಲ್ಲಿಯೇ ಮನೆಕಟ್ಟಿ ತೋಟಗಳನ್ನು ಬೆಳೆಸಿರೆಂದೂ, ಆ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಿರೆಂದೂ ಅವರಿಗೆ ಪತ್ರ ಬರೆದನು. ಕ್ರೈಸ್ತಪರಂಪರೆಯು ಭರವಸೆಯನ್ನು ಗ್ರಹಿಸಿರುವುದು ಈ ಅರ್ಥದಲ್ಲಿ. ಅದು ನಾಳೆಯೇ ಬಿಡುಗಡೆಯೆಂಬ ಲೆಕ್ಕಾಚಾರವಲ್ಲ. ಬಿಡುಗಡೆಯ ದಿನವು ತಿಳಿಯದಿದ್ದರೂ ಇಂದಿನ ಕರ್ತವ್ಯವನ್ನು ಬಿಡದಿರುವ ಸ್ಥೈರ್ಯ.

೭

೧೭೯೨ರಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣವನ್ನು ಮುತ್ತಿದ ಸಂದರ್ಭದಲ್ಲಿ ಕೆಲವು ಸೆರೆಯಾಳುಗಳು ತಪ್ಪಿಸಿಕೊಂಡರು. ಕೊಡಗಿನ ದೊಡ್ಡವೀರರಾಜೇಂದ್ರನು ಓಡಿಬಂದ ಕ್ರೈಸ್ತರಿಗೆ ಆ ವರ್ಷವೇ ವಿರಾಜಪೇಟೆಯಲ್ಲಿ ನೆಲೆಯನ್ನಿತ್ತನು. ಅಲ್ಲಿಯ ಸಂತ ಅನ್ನಮ್ಮನವರ ಇಗರ್ಜಿಯು ಅಂದಿನದು. ಮೂಡಬಿದಿರೆಯ ಚೌಟ ಅರಸನ ಕೋರಿಕೆಯ ಮೇರೆಗೆ ಹೊಸಪೇಟೆಯ ಇಗರ್ಜಿಯೊಂದು ಕೆಡಹುವಿಕೆಯಿಂದ ಪಾರಾಯಿತೆಂದು ಹೇಳುತ್ತಾರೆ. ವೀರಶೈವ ಅರಸನೊಬ್ಬನೂ ಜೈನ ಅರಸನೊಬ್ಬನೂ ತಮ್ಮದಲ್ಲದ ಧರ್ಮಕ್ಕೆ ಹೀಗೆ ಆಸರೆಯಾದರು. ದೇವರನ್ನು ನಂಬಿದವರಿಗೆ ಸಹಾಯವು ಬರುವುದು ಅನೇಕವೇಳೆ ಅನ್ಯಮತೀಯನ ಕೈಯಿಂದಲೇ.

೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದಿತು. ಉಳಿದವರು ಘಟ್ಟವನ್ನಿಳಿದು ಬಂದರು. ಮರಳಿದವರ ಸಂಖ್ಯೆಯನ್ನು ಹತ್ತು ಹದಿನೈದು ಸಾವಿರಗಳ ಆಸುಪಾಸಿನಲ್ಲಿ ಅಂದಾಜುಮಾಡುವುದು ವಾಡಿಕೆ. ಸೆರೆಹೋದವರ ಸಂಖ್ಯೆಯೊಡನೆ ಇದನ್ನು ಹೋಲಿಸಿದರೆ ನಷ್ಟದ ಪ್ರಮಾಣವು ತಿಳಿಯುತ್ತದೆ. ಮರಳಿ ಬಂದವರಿಗೆ ಕಾದಿದ್ದುದು ಪಾಳುಬಿದ್ದ ಇಗರ್ಜಿಗಳು, ಪರರ ವಶದಲ್ಲಿದ್ದ ಹೊಲಗಳು. ಕೆನರಾದ ಮೊದಲನೆಯ ಕಲೆಕ್ಟರನಾದ ಥಾಮಸ್ ಮನ್ರೋವಿನ ಮುಂದೆ ಬಂದ ಕಷ್ಟದ ಪ್ರಶ್ನೆಗಳಲ್ಲಿ ಅವರ ಭೂಮಿಯ ಪ್ರಶ್ನೆಯೂ ಒಂದು. ಮಂಗಳೂರಿನಲ್ಲಿ ಮಿಲಾಗ್ರಿಸ್ ಇಗರ್ಜಿಯು ೧೮೧೧ರಲ್ಲಿಯೂ ರೊಸಾರಿಯೊ ಇಗರ್ಜಿಯು ೧೮೧೩ರಲ್ಲಿಯೂ ಮತ್ತೆ ಎದ್ದುನಿಂತವು. ಉತ್ತರದಲ್ಲಿ ಹೊನ್ನಾವರ, ಚಂದಾವರಗಳ ಕ್ರೈಸ್ತಸಭೆಗಳು ಪುನಃ ಕೂಡಿದವು. ಈ ಜಿಲ್ಲೆಯು ೧೮೬೨ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, ೧೯೫೬ರಲ್ಲಿ ಕನ್ನಡನಾಡಿನೊಡನೆ ಒಂದಾಯಿತು. ೧೯೭೬ರಲ್ಲಿ ಕಾರವಾರವು ಪ್ರತ್ಯೇಕ ಧರ್ಮಪ್ರಾಂತವಾಯಿತು. ಡಿಸೆಂಬರ್ ೩ರ ಸಂತ ಫ್ರಾನ್ಸಿಸ್ ಜೇವಿಯರರ ಹಬ್ಬಕ್ಕೆ ಚಂದಾವರದಲ್ಲಿ ಸೇರುವ ಜನಸ್ತೋಮದಲ್ಲಿ ಕ್ರೈಸ್ತರಲ್ಲದವರೂ ಹರಕೆ ಹೊತ್ತು ಬರುವುದುಂಟು.

ಈ ಚರಿತ್ರೆಯಿಂದ ಭರವಸೆಯನ್ನು ಕುರಿತು ಏನನ್ನು ನಿರ್ಣಯಿಸಬಹುದು? ನಂಬಿದವರೆಲ್ಲರೂ ಉಳಿದರೆಂದು ಹೇಳುವಂತಿಲ್ಲ. ದಾರಿಯಲ್ಲಿ ಮಡಿದ ತಾಯಂದಿರೂ ನಂಬಿದವರೇ. ಉಳಿದವರೆಲ್ಲರೂ ಧೀರರೆಂದೂ ಹೇಳುವಂತಿಲ್ಲ. ಅವರ ನಾಲಗೆ ಏನನ್ನು ಹೇಳಿತೆಂಬುದನ್ನು ಮಾತ್ರ ದಾಖಲಿಸಿದರೆ ಚರಿತ್ರಕಾರನು ದ್ಯುಬುವಾನ ತೀರ್ಪಿನಲ್ಲಿಯೇ ನಿಲ್ಲಬೇಕಾಗುವುದು. ಆದರೆ ಸೆರೆಯ ಬಾಗಿಲು ತೆರೆದ ದಿನ ಅವರು ಯಾವ ದಿಕ್ಕಿಗೆ ನಡೆದರೆಂಬುದೂ ಸಾಕ್ಷ್ಯವೇ. ಹದಿನೈದು ವರ್ಷಗಳಲ್ಲಿ ಸೆರೆಯಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು, ಇಗರ್ಜಿಯನ್ನಾಗಲಿ ಪಾದ್ರಿಯನ್ನಾಗಲಿ ಕಂಡರಿಯದವರು, ತಂದೆತಾಯಿಗಳ ಹಿಂದೆ ಘಟ್ಟವನ್ನಿಳಿದು ಕೆಡವಿದ ಗೋಡೆಗಳ ಬಳಿಗೆ ಬಂದರೆಂದರೆ, ಅವರಿಗೆ ಆ ದಾರಿಯನ್ನು ಯಾರೋ ದಿನದಿನವೂ ಹೇಳಿಕೊಟ್ಟಿರಲೇಬೇಕು. ಹಾಗೆ ಹೇಳಿಕೊಟ್ಟವರ ಭರವಸೆಗೆ ಹೆಸರಿಲ್ಲ, ಶಾಸನವಿಲ್ಲ. ಮತ್ತೆ ಕಟ್ಟಿದ ಇಗರ್ಜಿಗಳೇ ಅದರ ಶಾಸನ.